ಒಂದು ಲೆಕ್ಕ, ನಾಲ್ವತ್ತೈದು ವರ್ಷ

ಹಲಗೇರಿಯ ಗುಡಿಯೊಂದರಲ್ಲಿ ಗಂಟೆ ಬಾರಿಸಿದರೆನ್ನಿರಿ. ಗಂಟೆ ಕಣ್ಣಿಗೆ ಕಾಣದಿದ್ದರೂ ಅದು ದೊಡ್ಡದೋ ಸಣ್ಣದೋ ಎಂಬುದನ್ನು ನೀವು ಮನೆಯಲ್ಲಿ ಕುಳಿತೇ ಹೇಳಬಲ್ಲಿರಿ. ನಾದವೇ ಅದರ ಗುರುತು. ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರಕ್ಕೂ ಇಂಥದೊಂದು ಗುರುತುಂಟೆಂದು ಮೊದಲು ಲೆಕ್ಕ ಹಾಕಿ ತೋರಿಸಿದವರು ನಮ್ಮ ನಾಡಿನ ಪ್ರೊಫೆಸರ್ ಸಿ. ವಿ. ವಿಶ್ವೇಶ್ವರ ಅವರು.

ಅವರು ಹುಟ್ಟಿದ್ದು 1938ರಲ್ಲಿ, ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಮುಗಿಸಿ ಅಮೇರಿಕೆಗೆ ಹೋದರು. ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿ ಅಧ್ಯಯನಕ್ಕೆ ತೊಡಗಿದಾಗ ಕೃಷ್ಣರಂಧ್ರವೆಂಬ ಹೆಸರೇ ಇನ್ನೂ ರೂಢಿಗೆ ಬಂದಿರಲಿಲ್ಲ. ಅವರೆದುರಿಗಿದ್ದ ಪ್ರಶ್ನೆ ಇಷ್ಟೇ: ಅಂಥ ವಸ್ತುವನ್ನು ತುಸು ಅಲುಗಿಸಿದರೆ ಅದು ಕೆಟ್ಟುಹೋದೀತೋ, ಮತ್ತೆ ನೆಲೆಗೆ ನಿಂತೀತೋ? ಕೆಡುವುದಾದರೆ ಅದು ಸೃಷ್ಟಿಯಲ್ಲಿ ಉಳಿದಿರುವುದೇ ಸಾಧ್ಯವಿಲ್ಲ. ನಿಲ್ಲುತ್ತದೆಂದು ತೋರಿಸಿ 1968ರಲ್ಲಿ ಡಾಕ್ಟರೇಟ್ ಪಡೆದರು.

ಆಮೇಲಿನದು ಇನ್ನೂ ಸ್ವಾರಸ್ಯದ ಕೆಲಸ. ಕೃಷ್ಣರಂಧ್ರದತ್ತ ಗುರುತ್ವದ ಅಲೆಯೊಂದನ್ನು ಕಳಿಸಿದರೆ ಏನಾದೀತೆಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿದರು. ಅಗಲವಾದ ಅಲೆಗೆ ವಿಶೇಷವೇನೂ ತೋರಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಹೋದಂತೆ, ಹಿಂದಿರುಗಿದ ಅಲೆಯ ಬಾಲದಲ್ಲಿ ನಡುಗುತ್ತ ನಡುಗುತ್ತ ಅಡಗುವ ಕಂಪನವೊಂದು ಕಂಡಿತು. ಅದು ತಾಕಿದ ಅಲೆಯ ಗುಣವಲ್ಲ, ಕೃಷ್ಣರಂಧ್ರದ್ದೇ ಗುಣ. ಅದರ ತೂಕಕ್ಕೆ ತಕ್ಕ ಶ್ರುತಿ. ಶ್ರುತಿಯೆಂದರೆ ಕಿವಿಗೆ ಕೇಳುವುದಲ್ಲ, ನೆನಪಿರಲಿ, ಅಲುಗುವುದು ದೇಶಕಾಲವೇ. ಈ ಫಲಿತಾಂಶ 1970ರಲ್ಲಿ ಪ್ರಕಟವಾಯಿತು.

ಆದರೆ ಅದನ್ನು ಒರೆಹಚ್ಚಿ ನೋಡುವ ಉಪಕರಣ ಆಗ ಲೋಕದಲ್ಲೇ ಇರಲಿಲ್ಲ. ವಿಶ್ವೇಶ್ವರರು 1976ರಲ್ಲಿ ಬೆಂಗಳೂರಿಗೆ ಮರಳಿದರು. ರಾಮನ್ ಸಂಶೋಧನ ಸಂಸ್ಥೆ, ಬಳಿಕ ಭಾರತೀಯ ಖಭೌತ ಸಂಸ್ಥೆ. ನಡುವೆ, 1989ರಲ್ಲಿ ತೆರೆದ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕತ್ವ. ಮಕ್ಕಳಿಗೆ ನಕ್ಷತ್ರ ತೋರಿಸುವುದು ವಿದ್ವಾಂಸರ ಹೊತ್ತುಗಳೆಯುವ ಕೆಲಸವೆನ್ನುವವರುಂಟು. ನನಗೆ ಹಾಗೆನಿಸುವುದಿಲ್ಲ. ಗಂಭೀರ ವಿಜ್ಞಾನಸಭೆಗೂ ವ್ಯಂಗ್ಯಚಿತ್ರ ಬರೆದುಕೊಟ್ಟ ಈ ಪ್ರಾಧ್ಯಾಪಕರಿಗೂ ಹಾಗೆನಿಸಿರಲಾರದು.

2015ರ ಸೆಪ್ಟೆಂಬರ್ 14ರಂದು ಅಮೇರಿಕೆಯ ಲೈಗೋ ವೀಕ್ಷಣಾಲಯಗಳೆರಡೂ ಒಂದು ಅಲೆಯನ್ನು ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕೃಷ್ಣರಂಧ್ರಗಳು ಕೂಡಿ ಒಂದಾಗಿದ್ದವು. ಅಲೆಯ ಕೊನೆಯಲ್ಲಿ, ಕಣ್ಣೆವೆ ಮುಚ್ಚುವುದರೊಳಗೆ ಅಡಗಿಹೋದ ಆ ನಡುಕ ಲೆಕ್ಕಕ್ಕೆ ಹೊಂದುವಂತೆಯೇ ಇತ್ತು. ಸುದ್ದಿ 2016ರ ಫೆಬ್ರುವರಿ 11ರಂದು ಹೊರಬಿತ್ತು. ಆಗ ವಿಶ್ವೇಶ್ವರರಿಗೆ 77 ವರ್ಷ. ಮರುವರ್ಷ ಜನವರಿ 16ರಂದು ಅವರು ತೀರಿಕೊಂಡರು.