ಮಾಗಿಯಲ್ಲಿ ಅಯ್ಯನಕೆರೆ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ವಿಹಾರವೊಂದುಂಟು. ಅಗಲವಾದ ಹಿಮಪಾದುಕೆಗಳನ್ನು ಕಾಲಿಗೆ ಕಟ್ಟಿಕೊಂಡು ಜನರು ಬೆಟ್ಟದ ಸರೋವರಗಳಿಗೆ ನಡೆದುಹೋಗುತ್ತಾರೆ. ಮೈಭಾರವು ಪಾದುಕೆಯ ಅಗಲಕ್ಕೆ ಹರಡುವುದರಿಂದ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ನಮ್ಮ ಸೀಮೆಯಲ್ಲಿ ಹಿಮವಿಲ್ಲ. ಆದರೆ ಮಾಗಿಯ ಚಳಿಯಿದೆ, ಬೆಟ್ಟದ ಮಡಿಲಿನ ಕೆರೆಯೂ ಇದೆ. ಅಂಥ ಕೆರೆಯೊಂದಕ್ಕೆ ಹೋಗಿಬಂದ ಸಂಗತಿಯನ್ನು ಇಂದು ಹೇಳುತ್ತೇನೆ.

ನಮ್ಮ ಮೊಸಳೆಯಿಂದ ಹೊರಟು ಹಾಸನ, ಬೇಲೂರು, ಚಿಕ್ಕಮಗಳೂರುಗಳನ್ನು ದಾಟಿ ಸಖರಾಯಪಟ್ಟಣವನ್ನು ಸೇರಿದೆವು. ಮರುದಿನ ನಸುಕಿನಲ್ಲಿ ಕಂಬಳಿ ಹೊದ್ದು ಅಯ್ಯನಕೆರೆಯ ದಾರಿ ಹಿಡಿದೆವು. ಹುಲ್ಲಿನ ಇಬ್ಬನಿಗೆ ಪಂಚೆಯ ಅಂಚು ನೆನೆಯಿತು. ಏರಿಯನ್ನು ಹತ್ತಿದಾಗ ಕೆರೆ ಕಾಣಲಿಲ್ಲ. ಬಿಳಿಯ ಮಂಜು ಮಾತ್ರ ಕಂಡಿತು. ಹಗಲೆಲ್ಲ ಬಿಸಿಲುಂಡ ನೀರು ರಾತ್ರಿ ಗಾಳಿಯಷ್ಟು ಬೇಗ ತಣಿಯದು. ಅದರಿಂದೇಳುವ ಆವಿ ತಣ್ಣನೆಯ ಗಾಳಿಯನ್ನು ಮುಟ್ಟಿದೊಡನೆ ಹನಿಗೂಡಿ ಮಂಜಾಗುತ್ತದೆ. ಬಿಸಿಲೇರಿದಂತೆ ಮೊದಲು ಶಕುನಗಿರಿಯ ನೆತ್ತಿ, ಆಮೇಲೆ ಅದರ ಬುಡ, ಕಡೆಗೆ ನೀರು ಕಣ್ಣಿಗೆ ಬಿದ್ದವು.

ಇಷ್ಟು ಚೆಲುವಾದ ಈ ಜಲರಾಶಿ ಪ್ರಕೃತಿ ತಾನಾಗಿ ಕೊಟ್ಟ ಸರೋವರವಲ್ಲ. ಬಾಬಾಬುಡನ್ ಶ್ರೇಣಿಯಿಂದ ಇಳಿಯುವ ಗೌರಿಹಳ್ಳಕ್ಕೆ ನಮ್ಮ ಹಿರಿಯರು ಏರಿ ಕಟ್ಟಿ ನಿಲ್ಲಿಸಿದ ನೀರು ಇದು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಇಲ್ಲಿಂದ ಹೊರಡುವ ವೇದಾ ನದಿ, ಮದಗದ ಕೆರೆಯ ಕಡೆಯಿಂದ ಬರುವ ಆವತಿಯನ್ನು ಕಡೂರಿನ ಸೀಮೆಯಲ್ಲಿ ಕೂಡಿಕೊಂಡು ವೇದಾವತಿಯಾಗುತ್ತದೆ. ಆ ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಜಲಾಶಯವೇ ವಾಣಿವಿಲಾಸ ಸಾಗರ.

ಈ ಕೆರೆಗೆ ಒಂದು ಐತಿಹ್ಯವಿದೆ. ಏರಿ ಒಡೆಯುವ ಭಯ ಒದಗಿದಾಗ ಕೆರೆಯ ಉಳಿವಿಗಾಗಿ ನೀರಗಂಟಿಯೊಬ್ಬ ಪ್ರಾಣ ತೆತ್ತನಂತೆ. ಕಥೆಯನ್ನು ನಂಬುವುದು, ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ಆದರೆ ಜನರು ಆ ತ್ಯಾಗವನ್ನು ಅರಸನಿಗೂ ಶಿಲ್ಪಿಗೂ ಕೊಡದೆ ನೀರಗಂಟಿಗೆ ಕೊಟ್ಟದ್ದು ಸಾರ್ಥಕವಾಗಿದೆ. ತೂಬನ್ನು ತೆರೆದು ಮುಚ್ಚುವವನು, ಗದ್ದೆಗದ್ದೆಗೆ ನೀರು ಹಂಚುವವನು, ಸುರಿವ ಮಳೆಯಲ್ಲಿ ಏರಿಯ ಮೇಲೆ ನಡೆದು ನೋಡುವವನು ಅವನೇ. ಏಡಿಯ ಬಿಲ, ಸತ್ತ ಮರದ ಬೇರು ಕೊಳೆತು ಉಳಿದ ಪೊಳ್ಳು, ಇಂಥ ಸಣ್ಣ ಕಂಡಿಯಲ್ಲಿ ಜಿನುಗತೊಡಗಿದ ನೀರು ಮಣ್ಣನ್ನು ಕೊರೆಯುತ್ತ ಹೋಗಿ ಏರಿಯನ್ನೇ ಕೊಚ್ಚಿಕೊಂಡು ಹೋಗಬಲ್ಲದು.

ನಮ್ಮ ಮೊಸಳೆಯಲ್ಲಿ ನಾಗೇಶ್ವರ, ಚನ್ನಕೇಶವರ ಅವಳಿ ಗುಡಿಗಳಿವೆ. ಅವೂ ಹೊಯ್ಸಳರ ಕಾಲದವೇ. ಕಲ್ಲಿನ ಗುಡಿ ಎಷ್ಟೋ ಕಾಲ ಯಾರೂ ನೋಡದಿದ್ದರೂ ನಿಂತೀತು. ಮಣ್ಣಿನ ಏರಿ ಮಾತ್ರ ಒಂದು ಮಳೆಗಾಲದ ಅಲಕ್ಷ್ಯವನ್ನೂ ತಾಳದು. ಎಂಟು ಶತಮಾನಗಳಿಗೂ ಮೀರಿ ಅಯ್ಯನಕೆರೆ ಉಳಿದಿದೆಯೆಂದರೆ, ತಲೆಮಾರಿನಿಂದ ತಲೆಮಾರಿಗೆ ಯಾರೋ ಅದನ್ನು ಕಾಯುತ್ತ ಬಂದಿದ್ದಾರೆಂದೇ ಅರ್ಥ. ಅವರ ಹೆಸರುಗಳು ಶಾಸನದಲ್ಲಿಲ್ಲದಿರಬಹುದು, ನೀರಿನಲ್ಲಿವೆ.

ಮಾಗಿಯ ಬೆಳಗಿನಲ್ಲಿ ನೀವೂ ಕೆರೆಗಳಿಗೆ ಹೋಗಿರಿ. ಮಂಜನ್ನು ನೋಡಿ ಸಂತೋಷಪಡಿರಿ. ಮಂಜು ಕರಗಿದ ಮೇಲೆ ಕೂಡಲೆ ಹಿಂದಿರುಗದೆ, ತೂಬನ್ನೂ ಕೋಡಿಯನ್ನೂ ನೋಡಿರಿ. ಏರಿಯಲ್ಲಿ ಒಸರು ಕಂಡರೆ ಊರಿನವರಿಗೆ ತಿಳಿಸಿರಿ. ನೋಡಲು ಬಂದವರು ಆ ಕಾವಲಿಗೆ ಸಲ್ಲಿಸಬಹುದಾದ ಕಿರುಸೇವೆ ಅದು.