ಹಿತ್ತಲ ಹೋತಿನ ಲೆಕ್ಕ

ಮನೆಯಲ್ಲಿ ನಾಲ್ಕು ಆಡು ಕಟ್ಟಿದವರ ಸಂಗಡ ಇಂದು ಎರಡು ಮಾತು ಆಡುವುದಿದೆ.

ಜತ್ತ ತಾಲೂಕಿನ ಬ್ಯಾಂಕೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. 1980ರ ದಶಕದಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯ ಆಡಿನ ಸಾಲದ ಕಾಗದಗಳನ್ನು ನಾನೇ ತುಂಬುತ್ತಿದ್ದೆ. 10 ಹೆಣ್ಣಾಡು, 1 ಹೋತು. ಮೊದಲೆರಡು ವರ್ಷ ಕಂತು ಬರುತ್ತಿತ್ತು, ಆಮೇಲೆ ಬಾಕಿ. ವಸೂಲಿಗೆ ಹೋದಾಗ ಒಬ್ಬ ಅಜ್ಜಿ, "ಸಾಹೇಬ್ರ, ಈಗ ಅವಳಿ ಹಾಕೂದು ಬಿಟ್ಟಾವ. ಹುಟ್ಟಿದ ಮರೀನೂ ಉಳಿಯಾಂಗಿಲ್ಲ. ಯಾರದೋ ಕಣ್ಣು ಬಿದ್ದೈತಿ" ಅಂದಳು. ನಾನು 'ನಿರ್ಲಕ್ಷ್ಯ' ಎಂದು ಷರಾ ಬರೆದು ಬಂದೆ. ಹಳೆಯ ಹೋತು ಅಂಗಳದಲ್ಲೇ ಇತ್ತು, ಸುತ್ತಲೂ ಅದರ ಹೆಣ್ಣುಮಕ್ಕಳು, ಮೊಮ್ಮಕ್ಕಳು. ನೋಡಿಯೂ ನೋಡಲಿಲ್ಲ.

ನಿವೃತ್ತನಾಗಿ ನಾನೂ ಆಡು ಕಟ್ಟಿದೆ. ಮೊಮ್ಮಗಳು ಕೈಯಾರೆ ಬೆಳೆಸಿದ ಕರಿ ಹೋತನ್ನು ಮಾರಲು ಮನಸ್ಸಾಗಲಿಲ್ಲ. ನಾಲ್ಕನೆಯ ವರ್ಷ ಮರಿಗಳು ಹಗುರವಾಗಿ ಹುಟ್ಟಿದವು. ಒಂದಕ್ಕೆ ಕೆಳದವಡೆ ಗಿಡ್ಡ, ಮೊಲೆ ಹಿಡಿಯಲು ಬಾರದು. ಮೂರನೆಯ ದಿನ ಹೋಯಿತು. ಅಜ್ಜಿಯ ಮಾತು ಆಗ ನೆನಪಾಯಿತು.

ಮೇವು ಕಡಿಮೆಯಾದರೂ, ಹೊಟ್ಟೆಯಲ್ಲಿ ಜಂತು ಇದ್ದರೂ ಮರಿ ಸೊರಗುತ್ತದೆ, ಅದನ್ನು ಮೊದಲು ನೋಡಿರಿ. ಅದು ಸರಿಯಿದ್ದರೆ ರಕ್ತಸಂಬಂಧ ವಿಚಾರಿಸಿರಿ. ಪ್ರತಿ ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಒಂದರಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಇನ್ನೊಂದು ಕಾಯುತ್ತದೆ. ತಂದೆ-ಮಗಳು ಕೂಡಿದ ಮರಿಯಲ್ಲಿ ಎರಡೂ ಒಂದೇ ಮೂಲದ ನಕಲಾಗುವ ಸಂಭವ ನಾಲ್ಕಾಣೆ. ಒಂದೇ ಹೋತಿನ ಬೇರೆ ಬೇರೆ ತಾಯಂದಿರ ಮಕ್ಕಳು ಕೂಡಿದರೆ ಎರಡಾಣೆ. ಪ್ರಯೋಗಾಲಯದ ಬಿಳಿ ಇಲಿಗಳನ್ನು ಬೇಕೆಂದೇ 20 ತಲೆಮಾರು ಅಣ್ಣ-ತಂಗಿ ಕೂಡಿಸುತ್ತಾರೆ. ಎಲ್ಲವೂ ಒಂದೇ ಅಚ್ಚಿನಲ್ಲಿರುವುದು ಅವರಿಗೆ ಬೇಕು, ನಮಗಲ್ಲ.

ಗುಮಾಸ್ತನ ಲೆಕ್ಕ ಕೇಳಿರಿ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಒಟ್ಟು ತಲೆಗಳಿಂದ ಭಾಗಿಸಬೇಕು. 10 ಆಡು, 1 ಹೋತು ಇದ್ದರೆ 40 ಭಾಗಿಸು 11. ನಾಲ್ಕೂ ತುಂಬುವುದಿಲ್ಲ! ಕಣ್ಣಿಗೆ 11 ಕಂಡರೂ ತಳಿಯ ಖಾತೆಯಲ್ಲಿ ಅಷ್ಟೇ ಜಮಾ. ಇನ್ನೊಂದು ಪರಕೀಯ ಹೋತು ಬಂದರೆ ಹತ್ತಿರ ಹತ್ತಿರ 7.

ಎರಡು ಹೋತು ಸಾಕುವುದು ಬಡವರಿಗೆ ಭಾರವೆಂದು ಬಲ್ಲೆ. ಆದ್ದರಿಂದ ಅದಲುಬದಲು ಮಾಡಿರಿ. ಮಗಳು ಬೆದೆಗೆ ಬರುವ ಮೊದಲೇ ತಂದೆ ಮನೆ ಬಿಡಬೇಕು. ಗಂಡು ಮರಿಗಳನ್ನು ನಾಲ್ಕನೆಯ ತಿಂಗಳಿಗೆ ಬೇರೆ ಕಟ್ಟಿರಿ, ಅವು ನಾವು ತಿಳಿದದ್ದಕ್ಕಿಂತ ಬೇಗ ದೊಡ್ಡವಾಗುತ್ತವೆ. ಹೊಸದಾಗಿ ಬಂದ ಹೋತು ಮೂರು ವಾರ ಒಂಟಿಯಾಗಿ ಇರಲಿ, ರೋಗ ತಂದಿದ್ದರೆ ತಿಳಿಯುತ್ತದೆ. ಯಾವ ಮರಿಗೆ ಯಾರು ತಂದೆ, ಯಾರು ತಾಯಿ ಎಂದು ಒಂದು ವಹಿಯಲ್ಲಿ ಬರೆದಿಡಿರಿ. ಸಂಬಂಧ ಬೆಳೆಸುವಾಗ ಬೆಡಗು ಕೇಳುವ ನಾವು ಆಡಿಗೆ ಅದನ್ನು ಕೇಳುವುದಿಲ್ಲ. (ಸೋದರಮಾವನಿಗೆ ಹೆಣ್ಣು ಕೊಡುವ ವಿಚಾರ ಇನ್ನೊಂದು ದಿನಕ್ಕಿರಲಿ.)

ಈ ದೀಪಾವಳಿಗೆ ನಮ್ಮ ಕರಿ ಹೋತು ಬೀಗರ ಊರಿಗೆ, ಅವರದು ನಮ್ಮಲ್ಲಿಗೆ ಎಂದು ಮಾತಾಗಿದೆ. ಬೀಗರು ಒಪ್ಪಿದ್ದಾರೆ, ಮೊಮ್ಮಗಳು ಇನ್ನೂ ಒಪ್ಪಿಲ್ಲ.