ಊಟ ಬಿಡುವ ಕಾಯಿಲೆ: ಗುರುತಿಸೋಣ, ನೆರವಾಗೋಣ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ವೈದ್ಯ ಸದಸ್ಯರೊಬ್ಬರು ಮಾಡಿದ ಭಾಷಣ)



ನೆರವು ನಿಧಿ ಎಂದೊಡನೆ ನಮಗೆ ನೆನಪಾಗುವುದು ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್. ಇಂದು ನಾನು ಹೇಳುವ ಕಾಯಿಲೆಯನ್ನು ಮನೆಯವರು ಕಾಯಿಲೆಯೆಂದೇ ಎಣಿಸುವುದಿಲ್ಲ. "ಹುಡುಗಿಗೆ ಹಠ", "ಡಯಟ್ ಹುಚ್ಚು" ಎಂದು ಬಿಟ್ಟುಬಿಡುತ್ತಾರೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅನೊರೆಕ್ಸಿಯಾದಲ್ಲಿ ದಪ್ಪಗಾಗುವ ಭಯದಿಂದ ಊಟ ಕಡಿಮೆಯಾಗುತ್ತಾ ಹೋಗುತ್ತದೆ. ಎಲುಬು ಕಾಣುವಷ್ಟು ಸೊರಗಿದರೂ ತಾನು ದಪ್ಪವೆಂದೇ ಅನಿಸುತ್ತದೆ. ಬುಲಿಮಿಯಾದಲ್ಲಿ ಒಮ್ಮೆಲೇ ಮಿತಿಮೀರಿ ತಿಂದು, ಬಳಿಕ ಬೇಕೆಂದೇ ವಾಂತಿ ಮಾಡುತ್ತಾರೆ. ಇವರ ತೂಕ ಸರಿಯಾಗಿಯೇ ಇರಬಹುದು, ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಹದಿಹರೆಯದಲ್ಲಿ ಶುರುವಾಗುವುದು ಹೆಚ್ಚು. ಹುಡುಗರಿಗೂ ಬರುತ್ತದೆ.

ಮನೆಯಲ್ಲಿ ಇವನ್ನು ಗಮನಿಸಿ: "ಗೆಳತಿಯ ಮನೆಯಲ್ಲಿ ಊಟವಾಯಿತು" ಎಂಬ ಮಾತು ಪದೇ ಪದೇ ಬರುವುದು, ಏಕಾದಶಿಯಲ್ಲದ ದಿನವೂ ಉಪವಾಸ, ಉಂಡ ಕೂಡಲೇ ಬಾತ್‌ರೂಮಿಗೆ ಹೋಗುವುದು, ಮುಂಬಯಿಯ ಸೆಕೆಯಲ್ಲೂ ಚಳಿ, ತಲೆಸುತ್ತು, ಮುಟ್ಟು ನಿಲ್ಲುವುದು, ಹಲ್ಲು ಸವೆಯುವುದು. ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಒಟ್ಟಿಗೆ ಕಂಡರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

ವೈದ್ಯರು ತೂಕದ ಜೊತೆಗೆ ನಾಡಿ, ರಕ್ತದೊತ್ತಡ, ಇಸಿಜಿ, ರಕ್ತದ ಪೊಟ್ಯಾಸಿಯಂ ನೋಡುತ್ತಾರೆ. ಪದೇ ಪದೇ ವಾಂತಿಯಾಗಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಅಪಾಯ. ಪ್ರಜ್ಞೆ ತಪ್ಪಿದರೆ, ನಾಡಿ ತೀರ ನಿಧಾನವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಾಯಂದಿರಿಗೆ ಒಂದು ಮಾತು. ಬಹುಕಾಲ ಹಸಿದ ದೇಹಕ್ಕೆ ಅಕ್ಕರೆಯಿಂದ ಒಮ್ಮೆಲೇ ತುಪ್ಪ, ಅನ್ನ, ಪಾಯಸ ಬಡಿಸಿದರೆ ಕೇಡಾಗಬಹುದು. ಆಗ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್ ಕುಸಿಯುತ್ತದೆ. ಹೃದಯ, ಉಸಿರಾಟ ಕೈಕೊಡಬಹುದು. ಎರಡನೆಯ ಮಹಾಯುದ್ಧದಲ್ಲಿ ಹಸಿವಿನಿಂದ ಬಳಲಿ ಬಿಡುಗಡೆಯಾದ ಬಂದಿಗಳಲ್ಲಿ ಹೀಗಾದದ್ದು ದಾಖಲಾಗಿದೆ. ಆದ್ದರಿಂದ ತೀರ ಸೊರಗಿದವರಿಗೆ ಥಯಾಮಿನ್ ಕೊಟ್ಟು, ರಕ್ತ ಪರೀಕ್ಷಿಸುತ್ತಾ, ವೈದ್ಯರ ಲೆಕ್ಕದಂತೆ ಆಹಾರ ಏರಿಸಬೇಕು.

ಬಳಿಕ ತಿಂಗಳುಗಟ್ಟಲೆ ಕೌನ್ಸೆಲಿಂಗ್ ಬೇಕು. ಮಕ್ಕಳಾದರೆ ತಂದೆತಾಯಿಯೇ ಪಕ್ಕದಲ್ಲಿ ಕುಳಿತು ಊಟ ಮಾಡಿಸುವುದು ಚಿಕಿತ್ಸೆಯ ಮುಖ್ಯ ಭಾಗ. ಬುಲಿಮಿಯಾಕ್ಕೆ ಫ್ಲುವೊಕ್ಸೆಟಿನ್ ಮಾತ್ರೆಯೂ ಸಹಾಯಮಾಡುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ. ಗದರಿಕೆಯಿಂದ, "ನೋಡು, ಅವಳೆಷ್ಟು ಚೆನ್ನಾಗಿ ಉಣ್ಣುತ್ತಾಳೆ" ಎಂಬ ಹೋಲಿಕೆಯಿಂದ ಯಾರೂ ಗುಣವಾಗುವುದಿಲ್ಲ. ಚಿಕಿತ್ಸೆಯಿಂದ ಗುಣವಾಗುತ್ತಾರೆ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಇನ್ನು ಹಣದ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮನೋರೋಗಕ್ಕೂ ದೇಹದ ರೋಗದಂತೆಯೇ ವಿಮೆ ಒದಗಿಸಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಕೊಡುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು. ವಾರವಾರದ ಕೌನ್ಸೆಲಿಂಗ್, ರಕ್ತ ಪರೀಕ್ಷೆ, ಡಯೆಟಿಶಿಯನ್ ಫೀಸು ಕೈಯಿಂದಲೇ ಹೋಗುತ್ತದೆ. ಸಾಧಾರಣ ಸಂಬಳದ ಮನೆಯವರು ಅರ್ಧದಲ್ಲೇ ಚಿಕಿತ್ಸೆ ಬಿಡುತ್ತಾರೆ, ಕಾಯಿಲೆ ಮರುಕಳಿಸುತ್ತದೆ.

ಆದ್ದರಿಂದ ನನ್ನ ವಿನಂತಿ ಎರಡು. ದಾನಿಗಳು ದೊಡ್ಡ ಮೊತ್ತವನ್ನು ಒಮ್ಮೆ ಕೊಡುವಂತೆಯೇ, ಇಂಥ ರೋಗಿಗಳಿಗಾಗಿ ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವ ಮನಸ್ಸು ಮಾಡಬೇಕು. ಸಮಿತಿಯವರು ಇವರ ಹೆಸರು, ಫೋಟೊ ಪತ್ರಿಕೆಯಲ್ಲಿ ಅಚ್ಚುಮಾಡದೆ ನೆರವು ಕೊಡಬೇಕು. ಬೆಳೆದ ಮಗಳ ಸಂಬಂಧ ತಪ್ಪೀತೆಂಬ ಅಂಜಿಕೆಯಿಂದ ಅರ್ಜಿಯನ್ನೇ ಹಾಕದ ತಂದೆತಾಯಿ ಆಗ ಧೈರ್ಯವಾಗಿ ಸಂಘದ ಬಾಗಿಲಿಗೆ ಬಂದಾರು.